ಪ್ರದರ್ಶಿಕೆ ಕಟ್ಟುವವರ ಕೈಪಿಡಿ: ಜೋಡಿಸುವ ಮುನ್ನ ಪೂರ್ತಿ ಓದಿ

ವಿಜ್ಞಾನ ಮ್ಯೂಸಿಯಮ್ಮಿಗೆ ಹೊಸ ಪ್ರದರ್ಶಿಕೆಯೊಂದನ್ನು ರೂಪಿಸಲು ಹೊರಟಿರುವ ತಮಗೆ ಅಭಿನಂದನೆಗಳು. ಈ ಕೈಪಿಡಿಯನ್ನು ಕೊನೆಯ ಸಾಲಿನವರೆಗೂ ಓದಿ. ತಾವು ಮುಂದೆ ಬರೆಯಲಿರುವ ಫಲಕವನ್ನು ಯಾರೂ ಹೀಗೆ ಓದುವುದಿಲ್ಲ.

ಬಳಕೆದಾರರನ್ನು ಗುರುತಿಸುವುದು

ಟೇಪು ಕತ್ತರಿಸಲು ಬರುವ ಗಣ್ಯರನ್ನು ಬಳಕೆದಾರರೆಂದು ಭಾವಿಸಬೇಡಿ. ಅವರ ಪರವಾಗಿ ಗುಂಡಿಯನ್ನು ಬೇರೆ ಯಾರೋ ಒತ್ತುತ್ತಾರೆ. ಫೋಟೊ ಆದ ಮೇಲೆ ಯಂತ್ರ ನಡೆದರೂ ಸರಿ, ನಿಂತರೂ ಸರಿ. ನಿಜವಾದ ಬಳಕೆದಾರ ಡಿಸೆಂಬರಿನಲ್ಲಿ ಬರುತ್ತಾನೆ. ಶಾಲಾ ಪ್ರವಾಸ, ರಾತ್ರಿಯಿಡೀ ಬಸ್ಸು, ಬೆಳಿಗ್ಗೆ ಲಾಲ್‌ಬಾಗ್, ಆಮೇಲೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ವಿಧಾನಸೌಧದ ಮುಂದೆ ಗ್ರೂಪ್ ಫೋಟೊ ಇನ್ನೂ ಬಾಕಿ. ‘ಏ, ಮುಂದ ನಡೀರಿ, ಹೊತ್ತಾತು!’ ಎಂದು ಹಿಂದಿನಿಂದ ಮೇಷ್ಟ್ರು. ತಾವು ವರ್ಷವಿಡೀ ತಲೆ ಕೆಡಿಸಿಕೊಂಡು ಕಟ್ಟಿದ್ದಕ್ಕೆ ಆ ಹುಡುಗನ ಬಳಿ ಇರುವುದು ಅರ್ಧ ನಿಮಿಷ. ಅದರಲ್ಲೂ ಪಕ್ಕದವನ ಮೊಣಕೈ ಪಾಲು ಕೇಳುತ್ತದೆ.

ಹಾಗೆಂದು ಅವಸರ ಬೇಡ. ಇದೇ ಮ್ಯೂಸಿಯಮ್ಮಿನ ಕಟ್ಟಡವನ್ನು ನೆಹರೂ ಉದ್ಘಾಟಿಸಿದ್ದು 1962ರಲ್ಲಿ. ಮೊದಲ ಗ್ಯಾಲರಿ, ವಿದ್ಯುತ್ತಿನದು, ಜನರಿಗೆ ತೆರೆದದ್ದು 1965ರಲ್ಲಿ. ಗೋಡೆ ಎಬ್ಬಿಸುವುದು ಯಾವಾಗಲೂ ಸುಲಭದ ಕೆಲಸ.

ಗುಂಡಿ

ಸಾಧ್ಯವಾದರೆ ಬಿಟ್ಟುಬಿಡಿ. ನೋಡುವವರೇ ಯಂತ್ರ ನಡೆಸಲಿ ಎಂಬುದು ಜರ್ಮನಿಯ ಎಂಜಿನಿಯರ್ ಓಸ್ಕರ್ ಫಾನ್ ಮಿಲ್ಲರ್ ಅವರ ಹಂಬಲ. ಅದಕ್ಕಾಗಿಯೇ 1903ರಲ್ಲಿ ಮ್ಯೂನಿಕ್ಕಿನ ಡಾಯ್ಚಸ್ ಮ್ಯೂಸಿಯಂ ಹುಟ್ಟುಹಾಕಿದರು. ಆಗ ಗುಂಡಿಯೆಂದರೆ ಸೋಜಿಗ. ಈಗ ಒತ್ತಿದರೆ ಒಂದೇ ಕೆಲಸ ಮಾಡುವ ಗುಂಡಿ ಎಲ್ಲರ ಮನೆಯ ಗೋಡೆಯ ಮೇಲೂ ಇದೆ. ಒಬ್ಬ ಹುಡುಗ ಸಾಲಾಗಿ ಆರು ಗುಂಡಿ ಒತ್ತುತ್ತಾ ಓಡುವುದನ್ನು ನೋಡಿ: ಮೊದಲನೆಯದರ ದೀಪ ಹತ್ತುವ ಹೊತ್ತಿಗೆ ಅವನು ನಾಲ್ಕನೆಯದರ ಮುಂದಿರುತ್ತಾನೆ. ಗುಂಡಿಯ ಬದಲು ಹಿಡಿ ಕೊಡಿ, ಚಕ್ರ ಕೊಡಿ. ಜೋರಾಗಿ ತಿರುಗಿಸಿದರೆ ಒಂದು ಥರ, ನಿಧಾನವಾಗಿ ತಿರುಗಿಸಿದರೆ ಇನ್ನೊಂದು ಥರ ಆಗಬೇಕು. ಆಗ ಎರಡನೇ ಸಲ ತಿರುಗಿಸಲು ಕಾರಣ ಸಿಗುತ್ತದೆ. ಕಲಿಕೆ ಶುರುವಾಗುವುದು ಆ ಎರಡನೇ ಸಲದಲ್ಲಿ. ಮೊದಲನೆಯದು ಬರೀ ಕೈ ತುರಿಕೆ.

ಲೋಲಕ

ಇದೊಂದರ ಮೇಲೆ ಎಲ್ಲ ಮ್ಯೂಸಿಯಮ್ಮುಗಳಿಗೂ ಆಸೆ. ಫ್ರೆಂಚ್ ಭೌತವಿಜ್ಞಾನಿ ಫೂಕೋ 1851ರಲ್ಲಿ ಪ್ಯಾರಿಸ್ಸಿನ ಪ್ಯಾಂಥಿಯಾನ್ ಗುಮ್ಮಟದಿಂದ 67 ಮೀಟರ್ ತಂತಿ ಇಳಿಬಿಟ್ಟು, 28 ಕಿಲೋ ಗುಂಡು ಕಟ್ಟಿ ತೂಗಿಸಿದ. ತೂಗುವ ದಿಕ್ಕು ಮೆಲ್ಲಗೆ ಸರಿಯಿತು. ಭೂಮಿ ತಿರುಗುವುದನ್ನು ಜನ ನಿಂತಲ್ಲೇ ಕಂಡರು. ಅಲ್ಲಿ ದಿಕ್ಕು ಒಂದು ಪೂರ್ತಿ ಸುತ್ತು ಬರಲು ಸುಮಾರು 32 ಗಂಟೆ. ಭೂಮಧ್ಯರೇಖೆಗೆ ಹತ್ತಿರ ಹೋದಷ್ಟೂ ಇದು ನಿಧಾನ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಅದೇ ಸುತ್ತಿಗೆ ಸುಮಾರು 106 ಗಂಟೆ, ಅಂದರೆ ಹತ್ತಿರ ಹತ್ತಿರ ನಾಲ್ಕೂವರೆ ದಿನ ಬೇಕು. ಪ್ರವಾಸದ ಬಸ್ಸು ಅಷ್ಟು ದಿನ ನಿಲ್ಲುವುದಿಲ್ಲ.

ಹತ್ತು ನಿಮಿಷದಲ್ಲಿ, ನಡುವಿನಿಂದ ಒಂದು ಮೀಟರ್ ದೂರದಲ್ಲಿ, ಗುಂಡಿನ ದಾರಿ ಪಕ್ಕಕ್ಕೆ ಸರಿಯುವುದು ಒಂದು ಸೆಂಟಿಮೀಟರ್ ಮಾತ್ರ. ಪ್ಯಾರಿಸ್ಸಿನ ನಕ್ಷೆಯನ್ನೇ ನಕಲು ಹೊಡೆದರೆ ಇಲ್ಲಿನ ಮಕ್ಕಳಿಗೆ ಕಾಣುವುದು ದೊಡ್ಡ ಗಡಿಯಾರದ ಲೋಲಕ, ಅದೂ ಗಡಿಯಾರವಿಲ್ಲದೆ. ಆದ್ದರಿಂದ ಸುತ್ತಲೂ ಒಂದೊಂದು ಸೆಂಟಿಮೀಟರಿಗೆ ಒಂದರಂತೆ ಸಣ್ಣ ಗೂಟ ನಿಲ್ಲಿಸಿ. ಗುಂಡು ಮುಂದಿನ ಗೂಟವನ್ನು ಸವರಿ ಹೋಗುತ್ತದೆ, ಮತ್ತೆ ಸವರುತ್ತದೆ, ಗೂಟ ಅಲ್ಲಾಡುತ್ತದೆ, ಬೀಳುವುದಿಲ್ಲ. ಕೊನೇ ಓವರಿನ ವಿಕೆಟ್ಟಿಗೆ ಕಾದಂತೆ ಮಕ್ಕಳು ಕಾಯುತ್ತಾರೆ. ಆ ಹೊತ್ತಿನಲ್ಲಿ ಮೇಷ್ಟ್ರು ಕೂಡ ‘ನಡೀರಿ’ ಎನ್ನುವುದನ್ನು ಮರೆಯುತ್ತಾರೆ.

ಫಲಕ

ತಿರುಗುವ ಕುರ್ಚಿ, ಕೈಗೆ ಸೈಕಲ್ ಚಕ್ರ: ಇದರ ಪಕ್ಕದಲ್ಲಿ ಸಾಮಾನ್ಯವಾಗಿ ಕಾಣುವ ಬರಹ, ‘ಬಾಹ್ಯ ಭ್ರಾಮಕವಿಲ್ಲದಾಗ ವ್ಯವಸ್ಥೆಯ ಒಟ್ಟು ಕೋನೀಯ ಸಂವೇಗ ಸ್ಥಿರವಾಗಿರುತ್ತದೆ.’ ಒಂದಕ್ಷರವೂ ತಪ್ಪಿಲ್ಲ, ತಜ್ಞರ ಸಮಿತಿ ಸಹಿ ಹಾಕಿದೆ. ಕುರ್ಚಿಯಲ್ಲಿ ಕೂರಬೇಕೋ ಬೇಡವೋ ಎಂಬುದು ಮಾತ್ರ ಎಲ್ಲೂ ಇಲ್ಲ. ಹೀಗೆ ಬರೆಯಿರಿ: ‘ಕೂತುಕೊಳ್ಳಿ. ತಿರುಗುವ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಓರೆ ಮಾಡಿ. ಯಾವ ಕಡೆ ತಿರುಗಿದಿರಿ? ಇನ್ನೊಂದು ಕಡೆಗೆ ತಿರುಗಬೇಕಾದರೆ?’ ಸಂವೇಗ ಕೆಳಗಿನ ಮುಚ್ಚಳದಡಿ ಇರಲಿ. ಬೇಕಾದವರು ಎತ್ತಿ ಓದುತ್ತಾರೆ.

ಗಾಳಿಯಲ್ಲಿ ತೇಲುವ ಚೆಂಡಿನ ಮುಂದೆ ‘ಬರ್ನೌಲಿ’ ಎಂದು ಬರೆದು ಕೈ ತೊಳೆದುಕೊಳ್ಳುವುದನ್ನೂ ನಿಲ್ಲಿಸಿ. ಹೆಸರು ಹೇಳಿದರೆ ಕಾರಣ ಹೇಳಿದಂತಾಗಲಿಲ್ಲ. ಚೆಂಡನ್ನು ಬದಿಗೆ ಎಳೆದಾಗ ಗಾಳಿ ಅದರ ಮೈ ಬಳಸಿ ಹೊರಕ್ಕೆ ಬಾಗುತ್ತದೆ, ಚೆಂಡನ್ನು ಒಳಕ್ಕೆ ನೂಕುತ್ತದೆ. ಮೆಲ್ಲಗೆ ಎಳೆದವರ ಬೆರಳಿಗೆ ಆ ಸೆಳೆತ ತಿಳಿಯುತ್ತದೆ. ಹಾಗಾಗಿ ಚೆಂಡಿನ ಸುತ್ತ ಗಾಜಿನ ಪೆಟ್ಟಿಗೆ ಕೂರಿಸಬೇಡಿ. ಚೆಂಡು ಕಳುವಾಗುತ್ತದೆ ಎಂಬ ಭಯವಿದ್ದರೆ ಒಂದು ಡಜನ್ ತಂದಿಟ್ಟುಕೊಳ್ಳಿ, ಗಾಜಿಗಿಂತ ಅಗ್ಗ.

ದೋಷ ನಿವಾರಣೆ

ದೋಷ: ಮಕ್ಕಳು ಹಿಡಿಯನ್ನು ಉಲ್ಟಾ ತಿರುಗಿಸಿ ಮುರಿಯುತ್ತಾರೆ. ಪರಿಹಾರ: ಉಲ್ಟಾ ತಿರುಗಿಸಿದರೂ ಏನಾದರೂ ಆಗುವಂತೆ ಮಾಡಿ. ದೋಷ: ದೊಡ್ಡವರು ದೂರ ನಿಂತು ಮಗುವಿಗೆ ತಪ್ಪು ವಿವರಣೆ ಕೊಡುತ್ತಾರೆ. ಪರಿಹಾರ: ಇನ್ನೊಂದು ಹಿಡಿ ಅವರ ಎತ್ತರಕ್ಕೂ ಇಡಿ.

ದುರಸ್ತಿ ಕೋಣೆಯನ್ನು ನೆಲಮಾಳಿಗೆಯಲ್ಲಿ ಬಚ್ಚಿಡುವುದು ವಾಡಿಕೆ. ಭೌತವಿಜ್ಞಾನಿ ಫ್ರಾಂಕ್ ಒಪ್ಪೆನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೇಟೋರಿಯಂ ತೆರೆದಾಗ ವರ್ಕ್‌ಶಾಪನ್ನು ಜನರ ಕಣ್ಣೆದುರೇ ಇಟ್ಟರು. ಪ್ರದರ್ಶಿಕೆಗಳನ್ನು ಕಟ್ಟುವ ಬಗೆಯನ್ನು ಅಡುಗೆ ಪುಸ್ತಕದಂತೆ ಅಚ್ಚು ಹಾಕಿಸಿ, ಬೇರೆ ಮ್ಯೂಸಿಯಮ್ಮುಗಳು ಧಾರಾಳವಾಗಿ ನಕಲು ಮಾಡಲಿ ಎಂದು ಹಂಚಿದರು. ಬಿಚ್ಚಿಟ್ಟ ಯಂತ್ರದ ಮುಂದೆ ಮಕ್ಕಳು ನಿಂತರೆ ಓಡಿಸಬೇಡಿ. ಸ್ಪ್ಯಾನರ್ ಹಿಡಿದವರಿಗೆ ಎರಡು ಮಾತಾಡಲು ಸಮಯ ಕೊಡಿ. ಇಡೀ ಗ್ಯಾಲರಿಯಲ್ಲಿ ಯಂತ್ರದ ಒಳಗು ಗೊತ್ತಿರುವುದು ಅವರಿಗೇ.

ಖಾತರಿ

ಉದ್ಘಾಟನೆಯ ದಿನದಂದು ಮುಗಿಯುತ್ತದೆ. ಆಮೇಲಿನ ಬೇರಿಂಗು, ಬೆಲ್ಟು, ಬಲ್ಬುಗಳಿಗೆ ಬಜೆಟ್ಟಿನಲ್ಲಿ ಈಗಲೇ ಒಂದು ಸಾಲು ಬರೆಸಿಡಿ. ‘ದುರಸ್ತಿಯಲ್ಲಿದೆ’ ಎಂಬ ಫಲಕವನ್ನು ರಟ್ಟಿನಲ್ಲೇ ಮಾಡಿಸಿ. ಹಿತ್ತಾಳೆಯಲ್ಲಿ ಕೊರೆಸಿದರೆ ಅದು ದಾಸ್ತಾನು ಪುಸ್ತಕಕ್ಕೆ ಏರುತ್ತದೆ, ಮತ್ತೆ ತೆಗೆಯಲು ಲೆಕ್ಕ ವಿಭಾಗದ ಅಪ್ಪಣೆ ಬೇಕಾಗುತ್ತದೆ.