ನಳಿಕಾಬಂಧ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲು ಅನುಬಂಧ ಚತುಷ್ಟಯ. ವಿಷಯ: ಮನೆಯ ನೀರಿನ ಪೈಪು, ಗ್ಯಾಸ್ ಪೈಪುಗಳನ್ನು ಅರ್ಥಿಂಗಿಗೆ ಬೆಸೆಯುವುದು. ಪ್ರಯೋಜನ: ಸ್ನಾನಕ್ಕೆ ಹೋದವರು ತಾವಾಗಿಯೇ ನಡೆದು ಹೊರಗೆ ಬರುವುದು. ಸಂಬಂಧ: ಹಸಿರು-ಹಳದಿ ತಂತಿ. ಅಧಿಕಾರಿ ಯಾರೆಂಬಲ್ಲಿ ಮಾತ್ರ ಮತಭೇದವಿದೆ. ಎಲೆಕ್ಟ್ರಿಷಿಯನ್ ಪಂಥವು "ಪೈಪು ಪ್ಲಂಬರ್ ನೋಡ್ಕೋಬೇಕು ಸಾರ್" ಎನ್ನುತ್ತದೆ; ಪ್ಲಂಬರ್ ಪಂಥವು "ವೈರು ನಮ್ಮ ಕೆಲಸ ಅಲ್ಲ ಸಾರ್" ಎನ್ನುತ್ತದೆ. ಉಭಯ ಪಂಥಗಳನ್ನೂ ಖಂಡಿಸಿದ ಮನೆಯೊಡೆಯರು "ಹವಾಯಿ ಚಪ್ಪಲಿ ಹಾಕ್ಕೊಂಡು ನಲ್ಲಿ ತಿರುಗಿಸಿ" ಎಂಬ ಮೂರನೆಯ ಮತವನ್ನು ಸ್ಥಾಪಿಸಿದ್ದಾರೆ.

ಸೂತ್ರ 1: ಭೇದವೇ ಹೊಡೆತ.

ಭಾಷ್ಯ: ಗೀಸರಿನ ಮೈಗೆ 230 ವೋಲ್ಟ್ ಸೋರಿದೆ, ಪಕ್ಕದ ನಲ್ಲಿ ಸೊನ್ನೆಯಲ್ಲಿದೆ ಎನ್ನೋಣ. ಎರಡನ್ನೂ ಒಟ್ಟಿಗೆ ಮುಟ್ಟಿದ ಪುಣ್ಯಾತ್ಮನ ಮೈಯೇ ಕರೆಂಟಿಗೆ ದಾರಿ. ಎರಡನ್ನೂ ತಾಮ್ರದ ತಂತಿಯಿಂದ ಮೊದಲೇ ಬೆಸೆದಿದ್ದರೆ ಅವುಗಳ ನಡುವಿನ ಭೇದ ಬಹುಪಾಲು ಅಳಿಯುತ್ತದೆ. ಆದ್ದರಿಂದ ಬಾಂಡಿಂಗ್ ಎಂಬುದು ಅಪ್ಪಟ ಅದ್ವೈತ. ಜುಮ್ಮೆನ್ನುವ ನಲ್ಲಿಯ ಮುಂದೆ ದ್ವೈತಿಗಳೂ ಇದನ್ನು ಒಪ್ಪುತ್ತಾರೆ.

ಪೂರ್ವಪಕ್ಷ: ಮನೆಯ ಹಿಂದೆ ಉಪ್ಪು, ಇದ್ದಿಲು ತುಂಬಿದ ಅರ್ಥ್ ಗುಂಡಿ ಇರುವಾಗ ಇದೇಕೆ?

ಸಿದ್ಧಾಂತ: ಅರ್ಥಿಂಗ್ ಲೋಹವನ್ನು ಭೂಮಿಗೆ ಸೇರಿಸುತ್ತದೆ, ಬಾಂಡಿಂಗ್ ಲೋಹಗಳನ್ನು ಪರಸ್ಪರ ಸೇರಿಸುತ್ತದೆ. ಬೇಸಿಗೆಯಲ್ಲಿ ಗುಂಡಿ ಒಣಗಿ ಭೂಮಿಯ ನಂಟು ಸಡಿಲವಾದರೂ, ಬೆಸೆದವು ಏರಿದರೆ ಒಟ್ಟಿಗೆ ಏರುತ್ತವೆ, ಇಳಿದರೆ ಒಟ್ಟಿಗೆ ಇಳಿಯುತ್ತವೆ. ನಮ್ಮ ಐಎಸ್ 3043 ಸಂಹಿತೆಗೂ ಇದು ಸಮ್ಮತ. ಬ್ರಿಟಿಷರ ಬಿಎಸ್ 7671 ಇನ್ನೂ ಕರ್ಮಠ: ಕ್ಲ್ಯಾಂಪನ್ನು ಸಾಧ್ಯವಾದಷ್ಟೂ ಗ್ಯಾಸ್ ಮೀಟರಿನಿಂದ 600 ಮಿಲಿಮೀಟರ್ ಒಳಗೆ, ಪೈಪು ಕವಲೊಡೆಯುವ ಮುಂಚೆಯೇ ಕಟ್ಟಬೇಕು, ಕಟ್ಟಿ, ತೆಗೆಯಕೂಡದೆಂಬ ಚೀಟಿಯನ್ನೂ ತೂಗುಹಾಕಬೇಕು.

ಸೂತ್ರ 2: ಗ್ಯಾಸ್ ಪೈಪನ್ನು ಬೆಸೆಯಬಹುದು, ಅರ್ಥ್ ಗುಂಡಿಯ ಬದಲಿಗೆ ಬಳಸಕೂಡದು.

ಭಾಷ್ಯ: ಅನಿಲವೂ ಕಿಡಿಯೂ ಕೂಡಿದರೆ ಏನಾಗುತ್ತದೆಂಬುದಕ್ಕೆ ಭಾಷ್ಯ ಅನಗತ್ಯ.

ಸೂತ್ರ 3: ಪ್ಲಾಸ್ಟಿಕ್ ಶೂನ್ಯವಾದಿ.

ಭಾಷ್ಯ: ಇಡೀ ಮನೆಗೆ ಸಿಪಿವಿಸಿ ಪೈಪು ಹಾಕಿದ್ದರೆ ಪೈಪಿನ ಮಟ್ಟಿಗೆ ಬೆಸೆಯಲು ಏನೂ ಇಲ್ಲ. ಅಪಾಯವಿರುವುದು ಹಳೆಯ ಜಿಐ ಪೈಪು ತೂತಾದಾಗ ನಡುವೆ ಒಂದು ಗೇಣು ಪ್ಲಾಸ್ಟಿಕ್ ತುರುಕುವಲ್ಲಿ. ನೀರು ದಾಟುತ್ತದೆ, ಬಂಧ ದಾಟುವುದಿಲ್ಲ. ಆಚೆಯ ತುಂಡು ಅನಾಥ. ನಲ್ಲಿ ಇರುವುದು ಹೆಚ್ಚಾಗಿ ಆ ತುಂಡಿನಲ್ಲೇ.

ಫಲಶ್ರುತಿ: ಈ ಮೀಮಾಂಸೆಯನ್ನು ನಿತ್ಯ ಪಠಿಸುವುದರಿಂದ ಯಾವ ಫಲವೂ ಇಲ್ಲ. ನಲ್ಲಿ ಜುಮ್ಮೆಂದರೆ ಮೇನ್ ಸ್ವಿಚ್ ಆರಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಕರೆಂಟ್ ಸೋರಿದೊಡನೆ ತಾನೇ ಕಡಿಯುವ ಸ್ವಿಚ್, ಅಂದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಇದ್ದರೆ ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಇಲ್ಲದಿದ್ದರೆ ಮುಂದಿನ ಸ್ನಾನಕ್ಕೆ ಮುಂಚೆ ಹಾಕಿಸಿ.