ಅತಿಥಿ ಮೇಷ್ಟ್ರ ಮಹಾಪ್ರಾಣ

ನಮ್ಮೂರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಮೇಷ್ಟ್ರು ಹದಿನೇಳು ವರ್ಷಗಳಿಂದ ಅತಿಥಿ. ನೆಂಟ ಮೂರು ದಿನ ಉಳಿದರೆ ಮನೆಯವರ ಮುಖ ಬಾಡುತ್ತದೆ. ಇವರಾದರೋ ಐವರು ಪ್ರಾಂಶುಪಾಲರನ್ನು ಬೀಳ್ಕೊಟ್ಟಿದ್ದಾರೆ. ಐವರಿಗೂ ಬಿನ್ನವತ್ತಳೆ ಬರೆದವರು ಇವರೇ.

“ಅತಿಥಿ ಅಂದರೆ ಬರುವ ತಿಥಿ ಗೊತ್ತಿಲ್ಲದವನು. ನಮ್ಮಲ್ಲಿ ತಿಥಿ ಗೊತ್ತಿಲ್ಲದ್ದು ಸಂಬಳಕ್ಕೆ,” ಎಂದು ನಾಲಿಗೆ ಕಚ್ಚಿಕೊಳ್ಳುತ್ತಾರೆ. ಅದು ಸಂಬಳವಲ್ಲ, ಗೌರವಧನ. ಸಂಭಾವನಾರ್ಥಕ ಕ್ರಿಯಾಪದಕ್ಕೆ ತರಗತಿಯಲ್ಲಿ ಅವರು ಕೊಡುವ ಉದಾಹರಣೆಯೂ ಅದೇ: ಈ ತಿಂಗಳು ಬಂದೀತು, ಮುಂದಿನ ತಿಂಗಳು ಬಂದೀತು. ರಜೆಯ ತಿಂಗಳಿಗೆ ಮಾತ್ರ ನಿಷೇಧಾರ್ಥಕ: ಬಾರದು. ಅತಿಥಿ ದೇವರ ಸಮಾನ ಎಂದು ಯಾರಾದರೂ ಸಮಾಧಾನ ಹೇಳಿದರೆ, “ಮುಜರಾಯಿ ದೇವರಿಗೆ ತಸ್ತೀಕಾದರೂ ಉಂಟು. ಪ್ರತಿ ವರ್ಷ ಅರ್ಜಿ ಹಾಕು ಅಂತ ದೇವರಿಗೆ ಯಾರೂ ಹೇಳೋದಿಲ್ಲ,” ಎನ್ನುತ್ತಾರೆ.

ಅತಿಥಿ ಉಪನ್ಯಾಸಕರ ಸಂಘದ ತಾಲ್ಲೂಕು ಕಾರ್ಯದರ್ಶಿಯೂ ಇವರೇ. ಹೆಗಲ ಚೀಲದಲ್ಲಿ ಮನವಿ ಪತ್ರ ಸದಾ ಸಿದ್ಧ. ಸಚಿವರು ಬದಲಾದಾಗ ‘ಇವರಿಗೆ’ ಎಂಬುದರ ಕೆಳಗಿನ ಸಾಲು ಬದಲಾಗುತ್ತದೆ. ಉಳಿದ ಒಕ್ಕಣೆ ಖಾಯಂ.

2022ರ ಜನವರಿಯಲ್ಲಿ ಹೋರಾಟ ಫಲ ಕೊಟ್ಟಿತು. 11–13 ಸಾವಿರವಿದ್ದ ಗೌರವಧನ ಅರ್ಹತೆ, ಅನುಭವ ನೋಡಿ 26ರಿಂದ 32 ಸಾವಿರಕ್ಕೇರಿತು. ವಾರದ ಪಾಠದ ಗಂಟೆಯೂ 15ಕ್ಕೇರಿತು. ಇಬ್ಬರ ಗಂಟೆ ಒಬ್ಬರಿಗೆ ಸೇರಿ, ಸಾವಿರಾರು ಮಂದಿ ಹೊರಬಿದ್ದರು. “ನನ್ನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದರು, ಪಕ್ಕದವನ ಎಲೆ ಎತ್ತಿದರು,” ಎನ್ನುತ್ತಾರೆ ಮೇಷ್ಟ್ರು. ಪಕ್ಕದವನು ಈಗ ಬಸ್‌ಸ್ಟ್ಯಾಂಡ್ ಎದುರು ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಮನವಿ ಪತ್ರದ ಪ್ರತಿಗಳಿಗೆ ಸಂಘಕ್ಕೆ ರಿಯಾಯಿತಿ ಉಂಟು.

2024ರ ಹೊಸ ವರ್ಷಕ್ಕೆ ಸೇವೆ ಖಾಯಂ ಮಾಡಿ ಎಂದು ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಿತು. ಬ್ಯಾನರಿನಲ್ಲಿ ‘ಸೇವಾ ಬದ್ರತೆ’ ಎಂದಿತ್ತು. ಎಲ್ಲರೂ ಘೋಷಣೆ ಕೂಗುತ್ತಿದ್ದರೆ ಮೇಷ್ಟ್ರು ಮಾರ್ಕರ್ ತೆಗೆದು ‘ಬ’ಕಾರದ ಕೆಳಗೆ ಗೀಟು ಹಾಕಿದರು. “ಹೆಂಗಿದ್ರೂ ಅಲ್ಪಪ್ರಾಣರಾಗಿ ಬದುಕ್ತಿದ್ದೀವಿ, ಬ್ಯಾನರಿನಲ್ಲಾದರೂ ಮಹಾಪ್ರಾಣ ಇರಲಿ!”

ಹಿಂದೆ ಸೆಂಟ್ರಲ್ ಜೈಲಾಗಿದ್ದ ಫ್ರೀಡಂ ಪಾರ್ಕಿನಲ್ಲಿ ಕೂತು, ಅಭ್ಯಾಸಬಲದಿಂದ ತಾಲ್ಲೂಕಿನವರ ಹಾಜರಿ ಕೂಗಿದರು. ಬಾರದವನೊಬ್ಬನ ಹೆಸರಿಗೆ ಹಿಂದಿನಿಂದ ಯಾರೋ ‘ಪ್ರೆಸೆಂಟ್ ಸಾರ್’ ಎಂದರು. ವರ್ಷಗಟ್ಟಲೆ ಇಂಥ ದನಿಗಳನ್ನು ತಪ್ಪದೆ ಹಿಡಿದ ಮೇಷ್ಟ್ರು ಅಂದು ಮಾತ್ರ ಕಿವುಡಾದರು. ಸಂಘದ ಬಲ ಒಂದು ಹೆಚ್ಚಾಯಿತು.

ಗೌರವಧನ ಇನ್ನಷ್ಟು ಏರಿಸುವ ಭರವಸೆ ಸಿಕ್ಕಿತು, ಸೇವೆ ಖಾಯಂ ಆಗಲಿಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಆಗ ಇಂಥ ಅತಿಥಿಗಳು ಹತ್ತು ಸಾವಿರಕ್ಕೂ ಹೆಚ್ಚು. ಖಾಯಂ ಅಧ್ಯಾಪಕರು ಅಷ್ಟಿರಲಿಲ್ಲ. ಮನೆಯವರಿಗಿಂತ ನೆಂಟರೇ ಹೆಚ್ಚಿರುವ ಮನೆಯಲ್ಲಿ ಒಲೆ ಹಚ್ಚುವವರೂ ನೆಂಟರೇ. ಈ ವರ್ಷದ ಅರ್ಜಿಯನ್ನೂ ಮೇಷ್ಟ್ರು ಹಾಕಿದ್ದಾರೆ, ಕಾಗುಣಿತ ತಪ್ಪಿಲ್ಲದೆ.