ಪ್ರಾಜೆಕ್ಟ್ ಅಪ್ಪ

ಫೆಬ್ರವರಿ ಬಂತೆಂದರೆ ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳ ಮುಂದೆ ಒಂದು ಬಗೆಯ ಗಂಡಸರು ಸುಳಿದಾಡತೊಡಗುತ್ತಾರೆ. ಕೈಯಲ್ಲಿ ಪಟ್ಟಿ, ಮುಖದಲ್ಲಿ ಗುಟ್ಟು. ಅಂಗಡಿಯವನಿಗೆ ಇವರ ಗುರುತು ಚೆನ್ನಾಗಿದೆ. "ಎಷ್ಟನೇ ಕ್ಲಾಸು ಸಾರ್?" ಎನ್ನುತ್ತಾನೆ. "ಆರನೇದು" ಎನ್ನುವಾಗ ಇವರೇ ಫೀಸು ಕಟ್ಟಿ ಆರನೇ ಕ್ಲಾಸಿಗೆ ಸೇರಿದಷ್ಟು ಸಂಕೋಚ.

ಓದಿದ್ದು ಬಿ.ಇ. ಮೆಕ್ಯಾನಿಕಲ್, ಹೊಟ್ಟೆಪಾಡು ಸಾಫ್ಟ್‌ವೇರು. ಮನೆಯ ನಲ್ಲಿ ಸೋರಿದರೆ ಫೋನಿನಲ್ಲಿ ಪ್ಲಂಬರನ್ನು ಹುಡುಕುತ್ತಾರೆ. ಆದರೆ ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ "28ಕ್ಕೆ ವಿಜ್ಞಾನ ದಿನ, ವರ್ಕಿಂಗ್ ಮಾಡೆಲ್ ಕಡ್ಡಾಯ" ಎಂದು ಬಂದ ರಾತ್ರಿ ಇವರಿಗೆ ನಿದ್ದೆ ಹತ್ತುವುದಿಲ್ಲ. ಮಗಳಿಗೆ ಹತ್ತುತ್ತದೆ. (1928ರ ಫೆಬ್ರವರಿ 28ರಂದು ಸಿ.ವಿ. ರಾಮನ್ ಕಂಡುಕೊಂಡ ಪರಿಣಾಮದ ನೆನಪಿಗೆ ಈ ದಿನ. ಆ ಪ್ರಾಜೆಕ್ಟನ್ನು ಅವರಪ್ಪ ಮಾಡಿಕೊಟ್ಟಿರಲಿಲ್ಲ.)

ಮಗಳಿಗೆ ಬೇಕಾದದ್ದು ನಿಂಬೆಹಣ್ಣಿನ ಬ್ಯಾಟರಿ. ತಾಮ್ರದ ತಂತಿ, ಸತು ಲೇಪದ ಮೊಳೆ, ನಾಲ್ಕು ನಿಂಬೆಹಣ್ಣು. ಸಾಲಾಗಿ ಜೋಡಿಸಿದರೆ ಪುಟ್ಟ ಕೆಂಪು ಎಲ್‌ಇಡಿ ಮಿಣುಕುತ್ತದೆ. ಅಮ್ಮನದೂ ಒಪ್ಪಿಗೆಯಿದೆ, ಮೊಳೆ ಚುಚ್ಚಿದ ಹಣ್ಣು ಅಡುಗೆಮನೆಗೆ ವಾಪಸು ಬರಕೂಡದು ಅಷ್ಟೆ. "ಅದನ್ನ ಎಲ್ಲಾರೂ ಮಾಡ್ತಾರೆ ಪುಟ್ಟಿ. ಜೆಸಿಬಿ ಮಾಡೋಣ" ಎಂದರು ಅಪ್ಪ. ಅಲ್ಲಿಗೆ ಮಗಳ ಪಾಲು ಮುಗಿಯಿತು.

ಸಿರಿಂಜಿನ ಜೆಸಿಬಿ ಒಳ್ಳೆಯ ಮಾದರಿಯೇ, ಅದನ್ನು ಅಲ್ಲಗಳೆಯಲಾರೆ. ಮುಚ್ಚಿದ ದ್ರವದ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಹರಡುತ್ತದೆ ಎಂಬ ಪ್ಯಾಸ್ಕಲ್ ನಿಯಮ ಅಲ್ಲಿ ಬೆರಳಿಗೇ ಸಿಗುತ್ತದೆ. 5 ಎಂ.ಎಲ್. ಸಿರಿಂಜನ್ನು ಒತ್ತಿದರೆ ಪೈಪಿನ ಆಚೆ ತುದಿಯ 10 ಎಂ.ಎಲ್. ಸಿರಿಂಜು ಹೆಚ್ಚು ಬಲದಿಂದ, ಆದರೆ ಕಡಿಮೆ ದೂರ ಸರಿಯುತ್ತದೆ. ನಮ್ಮ ರಸ್ತೆ ಅಗೆಯುವ ಜೆಸಿಬಿಯಲ್ಲೂ ಇದೇ ಕತೆ, ನೀರಿನ ಬದಲು ಎಣ್ಣೆ. ನಾಲ್ಕು ಚಲನೆಗೆ ಎಂಟು ಸಿರಿಂಜು ಬೇಕು. ಮೆಡಿಕಲ್ ಶಾಪಿನವನು ಮೊದಲು ಇವರ ತೋಳು ನೋಡಿದ. "ಮಗಳ ಪ್ರಾಜೆಕ್ಟಿಗೆ" ಎಂದರು. "ಹೌದಾ ಸಾರ್" ಎಂದ, ನಂಬದೆ.

ರಾತ್ರಿ ಹಾಲಿನಲ್ಲಿ ಕಾಮಗಾರಿ. ಮಗಳ ಹುದ್ದೆ ಮೊಬೈಲ್ ಟಾರ್ಚು ಹಿಡಿಯುವುದು.

"ಅಪ್ಪಾ, ನಾನು ಅಂಟಿಸ್ಲಾ?"

"ಗ್ಲೂ ಗನ್ನು ಸುಡುತ್ತೆ ಪುಟ್ಟಿ" ಎಂದು ತಾವೇ ಸುಟ್ಟುಕೊಂಡರು. ಥರ್ಮಾಕೋಲಿನ ಗುಡ್ಡಕ್ಕೆ ಸ್ಪ್ರೇ ಪೇಂಟು ಹೊಡೆದರು. ಪೇಂಟಿನಲ್ಲಿರುವ ದ್ರಾವಕಕ್ಕೆ ಥರ್ಮಾಕೋಲು ಕರಗುತ್ತದೆ, ಕರಗಿತು. "ಗಣಿಗಾರಿಕೆ ಆದ ಹಾಗೆ ಕಾಣ್ಲಿ ಅಂತ" ಎಂದರು.

"ರೀ, ಅವಳನ್ನಾದ್ರೂ ಮಲಗಿಸ್ರೀ" ಎಂದು ಒಳಗಿನಿಂದ ಧ್ವನಿ.

ಜೆಸಿಬಿಯ ತೋಳು ಮಾತ್ರ ಅರ್ಧಕ್ಕೇ ನಿಂತು ನಡುಗುತ್ತಿತ್ತು. ಇವರು ಕಾಗದದ ಮೇಲೆ ಬಲಗಳ ಚಿತ್ರ ಬರೆದರು, ಕೀಲು ಬದಲಿಸಿದರು, ಯೂಟ್ಯೂಬಿನವನನ್ನು ಬೈದರು. ತೂಕಡಿಸುತ್ತಿದ್ದ ಮಗಳು, "ಪೈಪಲ್ಲಿ ಗುಳ್ಳೆ ಇದೆ ಅಪ್ಪಾ" ಎಂದಳು. ನೀರು ಕುಗ್ಗುವುದಿಲ್ಲವೆಂದೇ ಹೇಳಬಹುದು, ಗಾಳಿ ಕುಗ್ಗುತ್ತದೆ. ಇವರು ಒತ್ತಿದ್ದೆಲ್ಲ ಆ ಗುಳ್ಳೆಯನ್ನು ಅಮುಕಲು ಹೋಗುತ್ತಿತ್ತು. ಅವಳೇ ಬಕೆಟ್ಟಿನ ನೀರಿನೊಳಗೆ ಮುಳುಗಿಸಿ ಸಿರಿಂಜು, ಪೈಪು ತುಂಬಿಸಿದಳು. ತೋಳು ಎದ್ದಿತು. ಮರುದಿನ ಆಫೀಸಿನ ಕ್ಯಾಂಟೀನಿನಲ್ಲಿ ಇವರು, "ರಾತ್ರಿ ಒಂದು ಗಂಟೆಗೆ ಹೊಳೀತು ನೋಡಿ, ಏರ್ ಬಬಲ್!" ಎಂದು ಹೇಳಿಕೊಂಡರಂತೆ.

ಮೇಳದ ದಿನ ರಜೆ ಹಾಕಿ ಬಂದಿದ್ದರು. ತೀರ್ಪುಗಾರರು ಮಗಳನ್ನು ಪ್ರಶ್ನೆ ಕೇಳುವಾಗ ಹಿಂದೆ ನಿಂತ ಇವರ ತುಟಿ ಅಲ್ಲಾಡುತ್ತಿತ್ತು. ಅಕ್ಕಪಕ್ಕದ ಮೇಜುಗಳ ಹಿಂದೆಯೂ ಇಂಥವೇ ತುಟಿಗಳು.

ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಮುಂದಿನ ವರ್ಷ ಅಪ್ಪಂದಿರಿಗೇ ಬೇರೆ ವಿಭಾಗ ಮಾಡಿ, ಒಂದು ಶನಿವಾರ ಮೈದಾನ ಬಿಟ್ಟುಕೊಡಿ. ಬಹುಮಾನ ಇಡದಿದ್ದರೂ ಬರುತ್ತಾರೆ. ಟಾರ್ಚು ಹಿಡಿಯಲು ಮಕ್ಕಳನ್ನು ಮಾತ್ರ ಕಳಿಸಬೇಡಿ, ಅವರಿಗೆ ನಿಂಬೆಹಣ್ಣಿನ ಕೆಲಸ ಬಾಕಿಯಿದೆ.